ಹಸಿರು ಗೆರೆಯ ಟೈರು

ನಾನು, ವಯಸ್ಸು ನಲವತ್ತನಾಲ್ಕು, ಉದ್ಯೋಗ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವುದು, ವಾಸ ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಎರಡನೇ ಮಹಡಿ, ತಾಯಿ ಮತ್ತು ತಮ್ಮನ ಜೊತೆ. ಸ್ವಂತ ಬುದ್ಧಿಯಿಂದ, ಯಾರ ಮುಲಾಜಿಗೂ ಬೀಳದೆ, ಈ ಮೂಲಕ ತಿಳಿಸುವುದು ಹೀಗಿದೆ.

ನಿನ್ನೆ ಸೋಮವಾರ ಬೆಳಿಗ್ಗೆ ಶಾಲೆಯ ಕಾರಿನ ಮುಂದಿನ ಎಡ ಟೈರು ಸಿಡಿದು, ಕಾರು ಕಲಿಯುತ್ತಿದ್ದ ಬೇಕರಿ ಅಕ್ಕನವರ ಬಲಗೈ ಮಣಿಕಟ್ಟು ಮುರಿದಿದೆ. ತಾನು ಸ್ಟೀರಿಂಗ್ ತಪ್ಪಾಗಿ ತಿರುಗಿಸಿದ್ದರಿಂದಲೇ ಹೀಗಾಯಿತು ಎಂದು ಅವರು ನಂಬಿದ್ದಾರೆ. ಶಾಲೆಯ ಮಾಲೀಕರು ವಿಮೆಯವರಿಗೂ ಹಾಗೆಯೇ ಹೇಳಿ ಕೈ ತೊಳೆದುಕೊಂಡಿದ್ದಾರೆ. ಅದು ಸುಳ್ಳು. ಆ ಟೈರು ಎಲ್ಲಿಂದ ಬಂತು ಎಂದು ನನಗೆ ಗೊತ್ತಿದೆ. ಅದನ್ನು ಹೇಳಬೇಕಾದರೆ ನನ್ನ ತಮ್ಮನ ವಿಷಯ ಹೇಳಲೇಬೇಕು. ಹೇಳಬೇಡ ಎಂದು ಅಮ್ಮ ನಿನ್ನೆ ಸಂಜೆಯಿಂದ ಊಟ ಬಿಟ್ಟು ಕೂತಿದ್ದಾರೆ.

ತಮ್ಮನಿಗೆ ಮೂವತ್ತೊಂದು ವರ್ಷ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವನು. ಈ ವರ್ಷದ ಆರಂಭದಲ್ಲಿ ಡ್ರಿಫ್ಟ್ ಕಲಿಯುತ್ತೇನೆಂದು ಒಂದು ಹಳೇ ಕಾರು ತಂದ. ಡ್ರಿಫ್ಟ್ ಎಂದರೆ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ ಕಾರನ್ನು ಅಡ್ಡಡ್ಡ ಓಡಿಸುವುದು. ನಾನು ಇಷ್ಟು ವರ್ಷ ಜನಕ್ಕೆ ಕಾರು ಜಾರದ ಹಾಗೆ ಓಡಿಸುವುದನ್ನು ಕಲಿಸಿಕೊಂಡು ಬಂದವಳು. ರಸ್ತೆಯಲ್ಲಿ ಇದನ್ನು ಮಾಡಿದರೆ ಕಾಲು ಮುರಿಯುತ್ತೇನೆ ಎಂದೆ. ಮುಚ್ಚಿಹೋದ ಕಾರ್ಖಾನೆಯ ಅಂಗಳದಲ್ಲಿ, ಭಾನುವಾರ ಮಾತ್ರ, ಡ್ರಿಫ್ಟ್ ಕ್ಲಬ್ಬಿನವರ ಜೊತೆ ಮಾತ್ರ ಎಂದು ಅಮ್ಮನ ಮುಂದೆ ಆಣೆ ಮಾಡಿದ. ಒಪ್ಪಿದೆ.

ಚಕ್ರ, ಟೈರು ಆರಿಸಲು ಅವನೇ ನನ್ನನ್ನು ಕರೆದುಕೊಂಡು ಹೋದ. ಗೋದಾಮಿನ ಸಾಲಿನ ಕೊನೆಯಲ್ಲಿರುವ ಸೆಕೆಂಡ್ ಹ್ಯಾಂಡ್ ಟೈರಿನ ಅಂಗಡಿ ಅದು. ಅಂಗಡಿಯವನನ್ನು ಎಲ್ಲರೂ ಪಾಲಿಶ್ ಅಣ್ಣ ಎನ್ನುತ್ತಾರೆ. ಎಂಥ ಸತ್ತ ಟೈರಿಗೂ ಕಪ್ಪು ಪಾಲಿಶ್ ಬಳಿಯದೆ ಅವನು ಹೊರಗೆ ಬಿಡುವುದಿಲ್ಲ. ಉಗುರಿನ ಸಂದಿಯಲ್ಲೆಲ್ಲ ಅದೇ ಮಸಿ. ಅದೇ ಬೆರಳಿನಲ್ಲಿ ಬಿಸ್ಕೆಟ್ ಅದ್ದಿ ತಿನ್ನುತ್ತಾ, ಅದೇ ಬೆರಳಿನಿಂದ ನನ್ನ ಕಡೆಗೂ ಒಂದು ಚಾಚಿದ. ಬೇಡವೆಂದೆ. ಆ ದಿನ ಮನೆಗೆ ಹೋದ ಮೇಲೂ ಊಟ ಸೇರಲಿಲ್ಲ.

ತಮ್ಮನ ಕಣ್ಣು ಬಿದ್ದದ್ದು ಹದಿನೇಳು ಇಂಚಿನ ಚಿನ್ನದ ಬಣ್ಣದ ಚಕ್ರಗಳ ಮೇಲೆ. ಮದುವೆ ಹೆಣ್ಣಿಗೆ ಒಡವೆ ತರೋಕೆ ಬಂದಿದೀಯಾ, ಕಾರಿಗೆ ಚಕ್ರ ತರೋಕೆ ಬಂದಿದೀಯಾ ಎಂದು ಕೇಳಿದೆ. ನೋಡೋಕೆ ಚೆನ್ನಾಗಿದೆಯಲ್ಲ ಅಕ್ಕ ಎಂದ. ಒಂದನ್ನು ತಿರುಗಿಸಿ ಒಳಬದಿಗೆ ಟಾರ್ಚ್ ಹಿಡಿದು ತೋರಿಸಿದೆ. ಬಿರುಕು ಬಿಟ್ಟದ್ದನ್ನು ವೆಲ್ಡ್ ಮಾಡಿ ಮೇಲೆ ಬಣ್ಣ ಮೆತ್ತಿದ್ದರು. ಪಾಲಿಶ್ ಅಣ್ಣ, ಅದು ಹೇಗೋ ಆ ಗುಂಪಿನಲ್ಲಿ ಸೇರಿಕೊಂಡುಬಿಟ್ಟಿದೆ ಮೇಡಂ ಎಂದ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಕೊನೆಗೆ ಹದಿನಾಲ್ಕು ಇಂಚಿನ ಸಾದಾ ಕಬ್ಬಿಣದ ಚಕ್ರಗಳನ್ನು ಆರಿಸಿದೆ. ಆ ಕಾರಿನ ಬೋಲ್ಟುಗಳಿಗೆ ಅವು ನೇರವಾಗಿ ಕೂರುತ್ತಿದ್ದವು, ಸೊಟ್ಟಗಾದರೂ ಹೊಟ್ಟೆ ಉರಿಯುವಷ್ಟು ಬೆಲೆಯಲ್ಲ. ಮುಂದಕ್ಕೆ ಎರಡು ಹೊಸ ಟೈರು ಹಾಕಿಸಿದೆ. ಕಾರು ಎಷ್ಟೇ ಜಾರಿದರೂ ಅದನ್ನು ದಾರಿಗೆ ತರುವುದು ಮುಂದಿನ ಚಕ್ರ, ಅಲ್ಲಿ ಜಿಪುಣತನ ಮಾಡಿದರೆ ಗೋಡೆಗೆ ಹೋಗುತ್ತೀಯ ಎಂದು ಹೇಳಿದೆ. ಹಿಂದಕ್ಕೆ ಮಾತ್ರ ಗಟ್ಟಿ ರಬ್ಬರಿನ, ಕಡಿಮೆ ಅಗಲದ ಹಳೇ ಟೈರು ಸಾಕು. ಅವು ನಿಧಾನದ ವೇಗದಲ್ಲೇ ಜಾರುತ್ತವೆ, ಹೊಸಬನಿಗೆ ಅದೇ ಕ್ಷೇಮ. ಹೇಗೂ ಸವೆಸಿ ಬಿಸಾಡುವಂಥವು.

ಬಿಸಾಡಬೇಡಿ, ನನಗೇ ತಂದುಕೊಡಿ ಎಂದು ಪಾಲಿಶ್ ಅಣ್ಣ ಆಗ ಬಾಯಿ ಹಾಕಿದ. ಸವೆದ ಜೋಡಿ ತಂದುಕೊಟ್ಟರೆ ಇನ್ನೊಂದು ಜೋಡಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆ, ಆದರೆ ಒಳಗಿನ ದಾರ ಕಾಣುವವರೆಗೆ ಓಡಿಸಬಾರದು, ನುಣ್ಣಗಾದ ಕೂಡಲೇ ತರಬೇಕು ಎಂದು ತಮ್ಮನಿಗೆ ಎರಡು ಸಲ ಹೇಳಿದ. ಸವೆದದ್ದನ್ನು ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಗುಜರಿಗೆ ಹಾಕುತ್ತೇನೆ ಎಂದ.

ಮುಂದಿನ ಭಾನುವಾರ ನಾನೂ ಅಂಗಳಕ್ಕೆ ಹೋದೆ. ಹೋಗುವ ಮುನ್ನ ಹಿಂದಿನ ಟೈರುಗಳ ಹೊರಬದಿಯ ಮೇಲೆ ನಡುವಿನಿಂದ ಅಂಚಿಗೆ ಒಂದೊಂದು ದಪ್ಪ ಗೆರೆ ಎಳೆದೆ. ನಮ್ಮ ಅಡುಗೆಮನೆ ಬಾಗಿಲಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ಅದು. ಹೊರಗೆ ನಿಂತು ಕಲಿಸುವಾಗ ನಾನು ಹೀಗೇ ಮಾಡುವುದು. ಗೆರೆ ನಿಂತರೆ ಚಕ್ರ ಹ್ಯಾಂಡ್‌ಬ್ರೇಕಿಗೆ ಸಿಕ್ಕಿದೆ, ಗೆರೆ ಮಾಯವಾದರೆ ಆಕ್ಸಿಲರೇಟರ್ ಜಾಸ್ತಿಯಾಗಿದೆ. ನಾನು ಕೂಗಿ ಹೇಳುತ್ತಿದ್ದೆ, ಅವನು ಒಳಗಿನಿಂದ ಸರಿಮಾಡಿಕೊಳ್ಳುತ್ತಿದ್ದ. ಸುಟ್ಟ ರಬ್ಬರಿನ ಹೊಗೆ ಗಂಟಲಿಗೆ ಇಳಿದು ವಾಕರಿಕೆ ಬರುತ್ತಿತ್ತು. ಮೂಗು ಒರೆಸಿದರೆ ಕರವಸ್ತ್ರ ಕಪ್ಪು. ಆದರೂ ಅವನು ಮೊದಲ ಸಲ ಜಾರಿದ ಕಾರನ್ನು ಹಿಡಿದು ವೃತ್ತಾಕಾರವಾಗಿ ಪೂರ್ತಿ ಒಂದು ಸುತ್ತು ತಂದಾಗ ನಾನು ಚಪ್ಪಾಳೆ ತಟ್ಟಿದೆ. ಇದನ್ನೂ ಬರೆದುಕೊಳ್ಳಿ. ಆಮೇಲೆ ತಂದ ಪ್ರತಿ ಜೋಡಿಗೂ ಅದೇ ಡಬ್ಬಿಯಿಂದ ಗೆರೆ ಎಳೆದವಳು ನಾನೇ.

ಮೂರು ವಾರದ ಹಿಂದೆ ಶಾಲೆಯ ಮಾಲೀಕರು ಕಲಿಸುವ ಕಾರಿನ ಮುಂದಿನ ಎರಡು ಟೈರು ಬದಲಾಯಿಸಿದರು. ಅದರದ್ದೂ ಹದಿನಾಲ್ಕು ಇಂಚು. ಎಲ್ಲಿಂದ ತಂದಿರಿ ಎಂದರೆ, ಒಳ್ಳೇ ಕಡೆಯಿಂದಲೇ, ನೋಡಿ ಹೇಗೆ ಹೊಳೀತಿದೆ ಎಂದರು. ಟೈರಿನ ಮೈಮೇಲಿನ ಕಚ್ಚುಗಳ ಆಳ ನೋಡಿದೆ, ಸಾಕಷ್ಟಿತ್ತು.

ಬೇಕರಿ ಅಕ್ಕನವರಿಗೆ ಐವತ್ತೇಳು. ಮೊದಲ ತಿಂಗಳು ಕಾರಿನ ಬಾಗಿಲು ಹಾಕಿದರೂ ಬೆಚ್ಚಿಬೀಳುತ್ತಿದ್ದವರು. ಅಂಗಡಿಯ ಬ್ರೆಡ್ಡು ತಾನೇ ಹಂಚಬೇಕು, ಯಾರ ಹಂಗೂ ಬೇಡ ಎಂದು ಹಠ ಹಿಡಿದು ಕಲಿತರು. ನಿನ್ನೆ ಬೆಳಿಗ್ಗೆ ಏಳೂವರೆಗೆ ಮಾರುಕಟ್ಟೆ ಹಿಂದಿನ ನೇರ ರಸ್ತೆಯಲ್ಲಿ ಮೊದಲ ಬಾರಿ ಭಯವಿಲ್ಲದೆ ಮೂರನೇ ಗೇರ್ ಹಾಕಿದರು. ನೋಡಿದ್ರಾ ಮೇಡಂ ಎಂದು ನಕ್ಕರು. ವೇಗ ನಲವತ್ತರ ಆಸುಪಾಸು. ಅಷ್ಟರಲ್ಲಿ ಢಬ್ ಎಂದಿತು. ಕಾರು ಎಡಕ್ಕೆ ಎಳೆಯಿತು. ನನ್ನ ಕಾಲ ಕೆಳಗಿನ ಎರಡನೇ ಬ್ರೇಕ್ ಒತ್ತಿದೆ, ಆದರೂ ರಸ್ತೆ ಬದಿಯ ಕಲ್ಲಂಚಿಗೆ ಹೊಡೆದು ದೀಪದ ಕಂಬಕ್ಕೆ ತಾಗಿ ನಿಂತಿತು. ಅವರು ಕೊನೆಯವರೆಗೂ ಸ್ಟೀರಿಂಗ್ ಬಿಡಲಿಲ್ಲ, ಅದಕ್ಕೇ ಮಣಿಕಟ್ಟು ಮುರಿಯಿತು. ಅವರು ಕೇಳಿದ ಮೊದಲ ಮಾತು, ನಾನೇ ತಪ್ಪು ತಿರುಗಿಸಿದ್ನಾ ಮೇಡಂ ಎಂಬುದು.

ಅವರನ್ನು ತಮ್ಮನ ಕ್ಯಾಂಟೀನಿರುವ ಆಸ್ಪತ್ರೆಗೇ ಕಳುಹಿಸಿ ಚಕ್ರ ಬಿಚ್ಚಿಸಿದೆ. ಸಿಡಿದ ಜಾಗದಲ್ಲಿ ಕಚ್ಚಿನ ತಳದಲ್ಲೇ ಒಳಗಿನ ದಾರ ಕತ್ತರಿಸಿಹೋಗಿತ್ತು. ನುಣ್ಣಗಾದ ಟೈರಿಗೆ ಕಾದ ಬ್ಲೇಡಿನಲ್ಲಿ ಹೊಸದಾಗಿ ಕಚ್ಚು ಕೊರೆದು, ಮೇಲೆ ಪಾಲಿಶ್ ಬಳಿದಿದ್ದರು. ಒಳಮುಖ ಮಾಡಿ ಕೂರಿಸಿದ್ದ ಬದಿಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದೆ. ಟೈರಿನ ಮೇಲಿನ ಅಕ್ಷರಗಳ ಸಂದಿಯಲ್ಲಿ ನಮ್ಮ ಅಡುಗೆಮನೆ ಬಾಗಿಲಿನ ಹಸಿರು ಬಣ್ಣ ಸಿಕ್ಕಿಕೊಂಡಿತ್ತು. ಆ ಟೈರನ್ನು ಠಾಣೆಗೆ ಒಪ್ಪಿಸಿದ್ದೇನೆ. ಬಾಗಿಲನ್ನೂ ಬಂದು ನೋಡಬಹುದು.

ನೇರ ಕ್ಯಾಂಟೀನಿಗೆ ಹೋದೆ. ತಮ್ಮ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಪಾಲಿಶ್ ಅಣ್ಣ ಸವೆದ ಟೈರು ಕೊರೆಯುವುದು ನಿನಗೆ ಗೊತ್ತಿತ್ತಾ ಎಂದು ಕೇಳಿದೆ. ಚಾಕು ಕೆಳಗಿಟ್ಟ. ಅಂಗಡಿಯ ಹಿಂದೆ ಕೊರೆಯುತ್ತಿದ್ದುದನ್ನು ಒಂದೆರಡು ಸಲ ನೋಡಿದ್ದೇನೆ ಎಂದ. ನೋಡಿದ ಮೇಲೂ ಯಾಕೆ ಕೊಟ್ಟೆ ಎಂದೆ. ಯಾರಿಗೋ ಮಾರ್ಕೋತಾನೆ ಅಂದ್ಕೊಂಡಿದ್ದೆ, ನಿನ್ನ ಕಾರಿಗೇ ಬರುತ್ತೆ ಅಂತ ಗೊತ್ತಿದ್ರೆ ಕೊಡ್ತಿದ್ನಾ ಅಕ್ಕ ಎಂದ. ಇಷ್ಟನ್ನು ಅವನು ತನ್ನನ್ನು ಕಾಪಾಡಿಕೊಳ್ಳಲು ಹೇಳಿದ. ಪಾಲಿಶ್ ಅಣ್ಣನ ಮಸಿ ಉಗುರಿಗಿಂತ ಈ ಮಾತು ನನಗೆ ಹೇಸಿಗೆಯಾಯಿತು. ಇವನನ್ನು ನಾನು ಎತ್ತಿ ಆಡಿಸಿದವಳು.

ಸಂಜೆ ಅಮ್ಮ, ಒಡಹುಟ್ಟಿದವನನ್ನ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀಯಾ, ಅಂಗಡಿಯವನ ವಿಷಯ ಮಾತ್ರ ಹೇಳು ಸಾಕು ಎಂದು ಅತ್ತರು. ನನ್ನ ಮನಸ್ಸೂ ಒಂದು ಗಳಿಗೆ ಆ ಕಡೆಗೇ ವಾಲಿತ್ತು.

ಇವತ್ತು ಬೆಳಿಗ್ಗೆ ಹತ್ತಕ್ಕೆ ಬೇಕರಿ ಅಕ್ಕನವರನ್ನು ನೋಡಲು ವಾರ್ಡಿಗೆ ಹೋದೆ. ತಮ್ಮ ಅಲ್ಲಿದ್ದ. ಕ್ಯಾಂಟೀನಿನಿಂದ ಸೂಪ್ ತಂದು, ಅವರ ಎಡಗೈಗೆ ಚಮಚ ಕೊಟ್ಟು, ಬಟ್ಟಲು ಹಿಡಿದು ನಿಂತಿದ್ದ. ಅವರು ನನ್ನನ್ನು ಕಂಡು, ನಿಮ್ಮ ತಮ್ಮ ಎಷ್ಟು ಒಳ್ಳೆಯವರು ಮೇಡಂ, ನಿನ್ನೆಯಿಂದ ಮೂರು ಸಲ ಬಂದರು ಎಂದರು. ಆಮೇಲೆ, ನನಗೆ ಈ ವಯಸ್ಸಲ್ಲಿ ಕಾರಿನ ಹುಚ್ಚು ಯಾಕೆ ಬೇಕಿತ್ತು, ನಿಮಗೂ ತೊಂದರೆ ಕೊಟ್ಟೆ, ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲ ಎಂದರು. ನಾನು ತಮ್ಮನ ಮುಖ ನೋಡುತ್ತಾ ನಿಂತೆ. ಹೇಳುತ್ತಾನೆ ಎಂದು ಕಾದೆ. ಅವನು, ಸೂಪ್ ಆರುತ್ತೆ, ಕುಡೀರಿ ಎಂದ.

ಅಲ್ಲಿಂದ ನೇರ ಇಲ್ಲಿಗೆ ಬಂದಿದ್ದೇನೆ. ಬರೆದುಕೊಳ್ಳುತ್ತಿರುವ ಪೇದೆಯವರು ನನ್ನ ಮೇಲಿನ ಕನಿಕರದಿಂದ, ತಮ್ಮ ಎಂದಿರುವ ಕಡೆಯೆಲ್ಲ ಪರಿಚಿತ ವ್ಯಕ್ತಿ ಎಂದು ಬರೆಯಲೇ ಎಂದು ಕೇಳಿದರು. ಬೇಡ ಎಂದಿದ್ದೇನೆ. ಈ ಹೇಳಿಕೆಯನ್ನು ಮೊದಲು ಬೇಕರಿ ಅಕ್ಕನವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ. ಅವರು ಸ್ಟೀರಿಂಗನ್ನು ಸರಿಯಾಗಿಯೇ ಹಿಡಿದಿದ್ದರು.

ಇಷ್ಟೂ ನನ್ನ ಬಾಯಿಂದ ಬಂದದ್ದು, ಕಂಡದ್ದು ಕೇಳಿದ್ದು ಬಿಟ್ಟು ಬೇರೇನೂ ಸೇರಿಸಿಲ್ಲ. ಓದಿಸಿ ಕೇಳಿದ್ದೇನೆ. ತಮ್ಮ ಎಂದೇ ಇದೆ, ಸರಿಯಾಗಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆಯ ಮರುದಿನ, ಮಂಗಳವಾರ
ಸಹಿ: ಹೇಳಿಕೆ ಕೊಟ್ಟವಳು, ಆತನ ಅಕ್ಕ