ಎದುರು ಹೋಟೆಲಿನ ಸೂಪು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ಹೋಟೆಲನ್ನು ಬಹುಮಾನಕ್ಕೆ ಆರಿಸಿದ ಮೂವರು ತೀರ್ಪುಗಾರರೇ, ಇವತ್ತೊಂದು ಸಂಜೆ ಒಲೆ ಆರಿಸಿ ಬಂದಿರುವ ನಮ್ಮ ಬೀದಿಯ ಹೋಟೆಲಿನವರೇ, ಸಭಿಕರೇ,

ಮೈಕಿನ ಮುಂದೆ ನಿಂತದ್ದು ಇದೇ ಮೊದಲು. ಈ ಊರಿಗೆ ಜನ ಕೋಟೆ ನೋಡಲು ಬರುತ್ತಾರೆ, ಕಡಲು ನೋಡಲು ಬರುತ್ತಾರೆ. ಹೊಟ್ಟೆ ಚುರುಗುಟ್ಟಿದಾಗ ಎಲ್ಲಿಗೆ ಬರುತ್ತಾರೆ? ನಮ್ಮ ಬೀದಿಗೆ! ನನ್ನಲ್ಲಿರುವುದು ಆರೇ ಮೇಜು, ಅದರಲ್ಲೂ ಒಂದರ ಕಾಲಿಗೆ ರಟ್ಟು ಮಡಿಸಿ ಕೊಟ್ಟಿದ್ದೇನೆ. ಅಂಥ ಹೋಟೆಲು ಊರಿಗೇ ಮೊದಲು ಎಂದರೆ ನಂಬುವುದು ಹೇಗೆ?

ತೀರ್ಪುಗಾರರು ಪ್ರವಾಸಿಗರಂತೆ ಬಂದು ಉಂಡು ಹೋಗಿದ್ದರಂತೆ. ಯಾವತ್ತು ಎಂಬುದು ಅಧ್ಯಕ್ಷರು ಈಗಷ್ಟೇ ಓದಿದ ಮಾನಪತ್ರದಿಂದ ತಿಳಿಯಿತು: ಕಳೆದ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ. ಆ ಭಾನುವಾರವನ್ನು ನಾನು ಮರೆಯುವುದುಂಟೇ? ಆರೂ ಮೇಜು ತುಂಬಿದ್ದವು, ನನ್ನ ಒಲೆ ಕೆಟ್ಟು ಕೂತಿತ್ತು.

ಎದುರು ಹೋಟೆಲು ನಮ್ಮಣ್ಣನದು. ಹನ್ನೊಂದು ವರ್ಷದಿಂದ ನಮಗೆ ಮಾತಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಹಳೇ ಹೋಟೆಲಿನ ನಾಮಫಲಕವನ್ನು ಅಣ್ಣನೇ ಬಿಟ್ಟುಕೊಟ್ಟ ಎಂದು ನಿಮಗೆಲ್ಲ ಹೇಳಿಕೊಂಡು ಬಂದೆ. ಅವನು ಬಿಟ್ಟುಕೊಡಲಿಲ್ಲ. ಅತ್ತಿಗೆಯ ಹೆರಿಗೆಗೆಂದು ಅವನು ಆಸ್ಪತ್ರೆಯಲ್ಲಿದ್ದಾಗ ನಾನೇ ಬಿಚ್ಚಿಕೊಂಡು ಬಂದೆ. ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಆವತ್ತು ಅಡುಗೆಮನೆಯಲ್ಲಿ ಅಳುತ್ತಾ ನಿಂತಿದ್ದೆ. ಹಿಂಬಾಗಿಲು ತಳ್ಳಿಕೊಂಡು ಅಣ್ಣ ಬಂದ. ಊಟದ ಹೊತ್ತಾದರೂ ನಮ್ಮ ಕಿಟಕಿಯಿಂದ ಆವಿ ಬಾರದ್ದನ್ನು ಅವನು ಅಲ್ಲಿಂದಲೇ ಗಮನಿಸಿದ್ದನಂತೆ. ಕೈಯಲ್ಲಿ ಸೂಪಿನ ದೊಡ್ಡ ಪಾತ್ರೆ, ಹಿಂದೆ ಹುರಿದ ಮೀನಿನ ತಟ್ಟೆ ಹೊತ್ತ ಅತ್ತಿಗೆ.

"ಬಂದವರು ಹಸ್ಕೊಂಡು ಕೂತಿದ್ದಾರೆ. ಮೊದ್ಲು ಬಡಿಸು, ಆಮೇಲೆ ಅಳೋವಂತೆ," ಅಂದ.

ಬಡಿಸಿದೆ. ಅವನು ಹೊರಟೇಹೋದ.

ತೀರ್ಪುಗಾರರೇ, ಇಂಥ ಸೂಪು ಬೇರೆಲ್ಲೂ ಸಿಗದು ಎಂದು ಬರೆದಿದ್ದೀರಿ. ಸಿಗುತ್ತದೆ ಸ್ವಾಮಿ, ರಸ್ತೆ ದಾಟಿದರೆ ಸಿಗುತ್ತದೆ! ಅಧ್ಯಕ್ಷರೇ, ಗಾಬರಿಯಾಗಬೇಡಿ, ನೀರು ಕುಡಿಯಿರಿ. ನೀವು ಬಹುಮಾನವಾಗಿ ಕೊಟ್ಟ ಈ ಬೆಳ್ಳಿ ಬಟ್ಟಲು ನನ್ನದಲ್ಲ. ಬಾಯಿ ಮುಚ್ಚಿಕೊಂಡು ಮನೆಗೆ ಒಯ್ಯಬಹುದಿತ್ತು. ಆದರೆ ಅವನದನ್ನು ಒಮ್ಮೆ ಒಯ್ದು ಹನ್ನೊಂದು ವರ್ಷ ಅಣ್ಣನಿಲ್ಲದೆ ಕಳೆದವಳು ನಾನು. ಮತ್ತೆ ಅದು ನನ್ನಿಂದಾಗದು.

ಅಗೋ, ಕೊನೆಯ ಸಾಲಿನ ಹಿಂದೆ ಬಾಗಿಲ ಬಳಿ ನಿಂತಿದ್ದಾನೆ. ಅಣ್ಣಾ, ಜಾರಿಕೊಳ್ಳಬೇಡ, ಮೇಲೆ ಬಾ. ಅತ್ತಿಗೆ, ಅವನ ತೋಳು ಹಿಡಿದುಕೊಳ್ಳಿ. ಬರುತ್ತಿದ್ದಾನೆ, ಸ್ವಲ್ಪ ದಾರಿ ಬಿಡಿ.

ಅವನಿಗೆ ನಾನು ಹೇಳಬೇಕಾದದ್ದು ಮೈಕಿನಲ್ಲಿ ಹೇಳುವಂಥದ್ದಲ್ಲ. ಅದಕ್ಕೇ ಇಲ್ಲಿಗೆ ನಿಲ್ಲಿಸುತ್ತೇನೆ. ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು, ನಮಸ್ಕಾರ.