ಹಗೇವಿನ ನಾಲ್ಕು ಸೆಕೆಂಡು

ಬೆನಕಪ್ಪ ಒಬ್ಬ ಮನುಷ್ಯನನ್ನು ಹಗೇವಿಗೆ ಇಳಿಸಿ ಕೊಂದ. ಮೂವತ್ತು ವರ್ಷದ ಮೇಲೆ ಅದೇ ಹಗೇವಿನ ಮಾರ್ದನಿಯನ್ನು ಕಂಪ್ಯೂಟರಿಗೆ ತುಂಬಿಕೊಂಡು ಹಾಡುಗಳಿಗೆ ಸವರಿದ. 'ಹಳೇ ಕ್ಯಾಸೆಟ್ಟಿನ ಇಂಪು ಇಲ್ಲಿ ಸಿಗುತ್ತದೆ' ಅಂತ ಬೋರ್ಡು ಬೇರೆ ಬರೆಸಿದ್ದಾನೆ. ಥೂ.

ಜಗಳೂರಿನಲ್ಲಿ ಈಚೆಗೆ ಹುಟ್ಟಿದವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬೆನಕಪ್ಪನ ಸ್ಟುಡಿಯೊ ಹಿಂದೆ ಅಂಥದ್ದೊಂದು ಖಾಲಿ ಬಿದ್ದಿದೆ. ಕ್ಯಾಸೆಟ್ ಕಾಲದಲ್ಲಿ ಅದರೊಳಗೆ ಸ್ಪೀಕರ್ ಇಟ್ಟು ಹಾಡು ಬಿಡುತ್ತಿದ್ದ. ಗೋಡೆಗೆ ಬಡಿದು ಮೊಳಗಿದ್ದನ್ನು ಒಂದು ಮೈಕು ಹಿಡಿಯುತ್ತಿತ್ತು. ಇಳಿದು ಅದನ್ನೆಲ್ಲ ಜೋಡಿಸುತ್ತಿದ್ದವನು ಮಾರಪ್ಪ.

ಮುಚ್ಚಿದ ಹಗೇವಿಗೆ ಇಳಿಯುವ ಮುಂಚೆ ಹಗ್ಗ ಕಟ್ಟಿ ದೀಪ ಇಳಿಸಬೇಕು. ದೀಪ ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲ. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಒಂದು ದಿನ ಮಾರಪ್ಪ ಇಳಿದ... ಹತ್ತಿ ಬರಲಿಲ್ಲ. "ಕುಡಿದು ತಾನೇ ಬಿದ್ದಾನೆ, ನಾನು ಆವತ್ತು ಚನ್ನಗಿರಿಯಾಗ ಇದ್ದೆ," ಅಂದ ಬೆನಕಪ್ಪ. ಊರು ನಂಬಿತು.

ಈಗ ಇಳಿಯುವ ಕಷ್ಟವಿಲ್ಲ. ಹೋದ ವರ್ಷ ಹಗ್ಗದಲ್ಲಿ ಮೈಕು ಇಳಿಬಿಟ್ಟು, ಹಗೇವಿನ ಬಾಯಲ್ಲಿ ಒಂದು ಬಲೂನು ಒಡೆದ. ಢಬ್! ಆ ಸದ್ದು ಗುಂಯ್‌ಗುಟ್ಟಿ ಸಾಯಲು ನಾಲ್ಕು ಸೆಕೆಂಡು. ಅಷ್ಟನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಸಾಕು, ಯಾರು ಎಲ್ಲಿ ಹಾಡಿದರೂ ಹಗೇವಿನೊಳಗೆ ಹಾಡಿದ ಹಾಗೆ ಕೇಳುತ್ತದೆ. ಮೈಕನ್ನು ಹಗ್ಗದಲ್ಲೂ ಇಳಿಸಬಹುದು ಅಂತ ಈ ಮಹಾಜ್ಞಾನಿಗೆ ಹೊಳೆಯಲು ಒಂದು ಹೆಣ ಬೀಳಬೇಕಾಯಿತು.

ನನ್ನ ಚಿಕ್ಕಪ್ಪನ ಮಗ ತಿಪ್ಪೇರುದ್ರ ಅಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದ. ಅವನ ಕಣ್ಣೆದುರು ನಡೆದದ್ದು ಇದು. ಮಾರಪ್ಪನ ಮಗಳು ದುರ್ಗಾಂಬಿಕಾ ಸೋಬಾನೆ ಪದ ಹಾಡಲು ಬಂದಿದ್ದಳು. ಪಕ್ಕದ ಹಿಟ್ಟಿನ ಗಿರಣಿ ನಿಂತ ಮೇಲೇ ರೆಕಾರ್ಡಿಂಗು; ರಾತ್ರಿ ಹತ್ತಾಗಿತ್ತು. ಇಬ್ಬರೂ ಹಗೇವಿನ ಪಕ್ಕ ಹಾದು ಒಳಗೆ ಹೋಗುತ್ತಿದ್ದರು. ಮುಚ್ಚಿದ ಚಪ್ಪಡಿಯ ಕೆಳಗೆ... ಟಿಣ್. ಲಾಟೀನಿನ ಗಾಜು ಕಲ್ಲಿಗೆ ತಾಗಿದ ಸದ್ದು.

"ಕೇಳಿಸ್ತೇನೋ ತಮ್ಮಾ?"

"ಇಲಿ ಇರ್ಬೇಕು... ಬಾರಕ್ಕ."

ಹಾಡಿದಳು. ಬೆನಕಪ್ಪ ಕುರ್ಚಿಯಲ್ಲಿ ಕಾಲಾಡಿಸುತ್ತ, "ಕುಡುಕನ ಮಗಳಾದ್ರೂ ಕಂಠ ಐತೆ ಬಿಡು," ಅಂದ. ಅದು ಅವಳು ಎರಡು ವರ್ಷದ ಕೂಸಾಗಿದ್ದಾಗಿನಿಂದ ಕೇಳಿದ ಮಾತು. ಅವಳ ತಾಯಿ ಅದನ್ನು ಕೇಳುತ್ತಲೇ ಸತ್ತಳು.

ತಿಪ್ಪೇರುದ್ರ ಆ ಹಾಡಿಗೆ ಹಗೇವಿನ ಮಾರ್ದನಿ ಹಚ್ಚಿ ಕೇಳಿಸಿದ. ಕೊನೆಯ ಸಾಲು ಮುಗಿಯಿತು. ಗುಂಯ್... ಕರಗಿತು. ಆಮೇಲೆ ಸ್ಪೀಕರಿನಲ್ಲಿ ಗಂಡಸಿನ ಕೆಮ್ಮು. ಮೆಲ್ಲಗೆ ಒಂದು ಮಾತು.

"ಸಾವ್ಕಾರ್ರೆ... ದೀಪ ಇಳಿಸಿ ನೋಡಿದ್ರಾ?"

ಬೆನಕಪ್ಪ ಮೊಬೈಲಿನಿಂದ ಕಣ್ಣು ಕೂಡ ಎತ್ತದೆ ಗದರಿದ: "ಎಲ್ಲಾ ನೋಡೀನಿ, ನೀ ಇಳಿಯಲೇ ಮಾರ!"

ಆಮೇಲೆ ತಲೆ ಎತ್ತಿದ. ಬಾಯಿ ಮುಚ್ಚಿಕೊಂಡ.

"ಚನ್ನಗಿರಿಯಾಗ ಇದ್ದೆ ಅಂದಿದ್ರಲ್ಲ..." ದುರ್ಗಾಂಬಿಕಾ ಪಿಸುಗುಟ್ಟಿದಳು.

ಈಗ ಬೆನಕಪ್ಪ, ಹುಡುಗ ಏನೋ ಸೇರಿಸಿದ್ದಾನೆ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಮಾರಪ್ಪ ಸತ್ತಾಗ ತಿಪ್ಪೇರುದ್ರ ಹುಟ್ಟೇ ಇರಲಿಲ್ಲ, ಸತ್ತವನ ದನಿಯನ್ನು ಎಲ್ಲಿಂದ ತರುತ್ತಾನೆ? ನಾನೂ ಹೋಗಿ ಕೇಳಿದ್ದೇನೆ, ಈ ಎರಡು ಕಿವಿಯಿಂದ. ಆ ಬಲೂನಿನ ಫೈಲು ಪರದೆಯ ಮೇಲೆ ಇವತ್ತಿಗೂ ನಾಲ್ಕೇ ಸೆಕೆಂಡು. ಮಾರಪ್ಪ ಮಾತಾಡುವುದು ಹಾಡು ಮುಗಿದ ಒಂಬತ್ತನೆಯ ಸೆಕೆಂಡಿಗೆ.

ನಂಬದಿದ್ದರೆ ಬಿಡಿ. ಆದರೆ 'ನೀ ಇಳಿಯಲೇ' ಅಂತ ಬೆನಕಪ್ಪ ಬಾಯಿಬಿಟ್ಟದ್ದು ದೆವ್ವದ ಮಾತಲ್ಲ. ಕುಡುಕನ ಮಗಳು ಅಂದವರಲ್ಲಿ ನೀವೂ ಒಬ್ಬರು. ನಾಳೆ ಬೆಳಗ್ಗೆ ದುರ್ಗಾಂಬಿಕಾಳ ಬಾಗಿಲಿಗೆ ಹೋಗಿ. ಓಣಿಗೆಲ್ಲ ಕೇಳುವ ಹಾಗೆ ಹೇಳಿ: ನಿಮ್ಮಪ್ಪ ಕುಡಿದಿರಲಿಲ್ಲ.