ಪೆಟ್ಟಿಗೆಯೊಳಗಿಂದ ಎತ್ತಿಕೊಟ್ಟ ಸಾಲು

ದೀಪ ಸ್ವಲ್ಪ ಸಣ್ಣಗೆ ಮಾಡಿ... ಸಾಕು. ಇದು ನನ್ನ ದೊಡ್ಡಮ್ಮನ ಮಗಳಿಗೆ ಆದದ್ದು. ಅರ್ಧ ಅವಳೇ ಹೇಳಿದ್ದು, ಅರ್ಧ ನಾನು ಕಣ್ಣಾರೆ ಕಂಡದ್ದು. ದೇವರ ಮುಂದೆ ಕೂತು ಹೇಳಿದ ಹಾಗೆ ಹೇಳುತ್ತೇನೆ.

ರಾತ್ರಿ ಹತ್ತು ದಾಟಿತ್ತು. ಅಕ್ಕ ರಂಗಮಂದಿರದಿಂದ ಮನೆಗೆ ಬರುತ್ತಿದ್ದಳು. ಓಣಿಯ ತಿರುವಿನಲ್ಲಿ ಒಂದು ಹಳೆ ಬಾವಿ. ಯಾರೂ ಬೀಳದಿರಲೆಂದು ಕಬ್ಬಿಣದ ಮುಚ್ಚಳ ಹಾಕಿದ್ದರು. ಅವಳು ಅದರ ಪಕ್ಕಕ್ಕೆ ಬಂದಳು. ಮುಚ್ಚಳ ಸಣ್ಣಗೆ... ಗುಂಯ್... ಎಂದಿತು. ಯಾರೋ ತುಂಬ ತಗ್ಗಿನ ಸ್ವರ ಹಿಡಿದಾಗ ಕಿಟಕಿಯ ಗಾಜು ನಡುಗುತ್ತದಲ್ಲ, ಹಾಗೆ. ಅಕ್ಕ ನಿಂತಳು. ಸ್ವರ ಹಿಂದಿನಿಂದ, ರಂಗಮಂದಿರದ ಕಡೆಯಿಂದ ಬರುತ್ತಿತ್ತು.

'ಗುಡಾಣ ಇನ್ನೂ ಹಾಡ್ತಿದಾನೆ' ಅಂದುಕೊಂಡಳು. ಯಮನ ಪಾತ್ರಧಾರಿಗೆ ತಂಡದವರು ಇಟ್ಟ ಹೆಸರು ಅದು. ಅವನ ದನಿ ಗುಡಾಣದ ತಳದಿಂದ ಬಂದಂತಿತ್ತು. ಆಗಲೇ ಕೈ ಚೀಲಕ್ಕೆ ಹೋಯಿತು. ಔಷಧಿ ಶೀಶೆ ಇಲ್ಲ!

ಭಾವ ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಶ್ವಾಸಕೋಶ. ರಾತ್ರಿ ಮಲಗುವ ಮುಂಚೆ ಆ ಔಷಧಿ ಒಂದು ಚಮಚ ಬೀಳಲೇಬೇಕು, ಒಂದು ದಿನವೂ ತಪ್ಪಬಾರದು ಎಂದಿದ್ದರು ವೈದ್ಯರು. ಹಳೆಯದು ಮುಗಿದು, ಮಧ್ಯಾಹ್ನವಷ್ಟೇ ಹೊಸ ಶೀಶೆ ಕೊಂಡಿದ್ದಳು. ಅದನ್ನು ಪೆಟ್ಟಿಗೆಯಲ್ಲೇ ಮರೆತು ಬಂದಿದ್ದಳು. ಮನೆಯಲ್ಲಿ ಭಾವನ ಹತ್ತಿರ ನಾನು ಕೂತಿದ್ದೆ.

ಪೆಟ್ಟಿಗೆ ಅಂದೆನಲ್ಲ, ಅದೇ ಅವಳ ಕೆಲಸದ ಜಾಗ. ವೇದಿಕೆಯ ಮುಂತುದಿಯಲ್ಲಿ, ನೆಲದೊಳಗೆ ಒಂದು ಮರದ ಗೂಡು. ಅದರಲ್ಲಿ ಕುತ್ತಿಗೆಯವರೆಗೆ ಇಳಿದು ಕೂರಬೇಕು. ನೋಡಲು ಬಂದವರಿಗೆ ಅವಳು ಕಾಣುವುದಿಲ್ಲ, ಹಾಡುವವರಿಗೆ ಮಾತ್ರ ಕಾಣುತ್ತಾಳೆ. ಅವರು ಸಾಲು ಮರೆತು ತಡವರಿಸಿದರೆ, ಒಂದು ಉಸಿರಿನೊಳಗೆ, ಪಿಸುದನಿಯಲ್ಲಿ ಮುಂದಿನ ಸಾಲು ಎತ್ತಿಕೊಡಬೇಕು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದವಳು. ಮನೆಯಲ್ಲೂ ಯಾರಾದರೂ ಮಾತಿನ ನಡುವೆ ನಿಂತರೆ ತಾನೇ ಮುಗಿಸಿಬಿಡುತ್ತಿದ್ದಳು. "ನನಗೆ ಸೀನೋಕೂ ಬಿಡಲ್ವಲ್ಲೇ! ನಾನು ಮೂಗು ಎತ್ತೋದ್ರೊಳಗೆ 'ಆಕ್ಷೀ' ನೀನೇ ಅಂದ್ಬಿಡ್ತೀಯ" ಎಂದು ಭಾವ ಛೇಡಿಸುತ್ತಿದ್ದರು.

ಆಗ ಆಡಿಸುತ್ತಿದ್ದದ್ದು ಸಾವಿತ್ರಿಯ ಕತೆ. ಆದರೆ ಯುರೋಪಿನ ಮಾದರಿಯಲ್ಲಿ. ವೇದಿಕೆಯ ಕೆಳಗೆ ನಲವತ್ತು ವಾದ್ಯದವರು, ಮೇಲೆ ಮೊದಲಿನಿಂದ ಕೊನೆಯವರೆಗೆ ಬರೀ ಹಾಡು; ಗೆಜ್ಜೆ ಕಟ್ಟಿದ ಹುಡುಗಿಯರೇ ಕಾಡು, ಅವರೇ ಯಮದೂತರು. ಚಂದವಿತ್ತು, ಇಲ್ಲವೆನ್ನುವುದಿಲ್ಲ. ನಿರ್ದೇಶಕರು ದೂರದ ನಾಟಕಶಾಲೆಯಲ್ಲಿ ಕಲಿತವರು. ಕೊನೆಯನ್ನು ಅವರು ಬದಲಾಯಿಸಿದ್ದರು. "ಗಂಡ ವಾಪಸ್ ಬಂದ್ರೆ ಅದು ದುರಂತ ಹೇಗಾಗತ್ತೆ? ಸಾವಿತ್ರಿ ಸೋಲಲಿ" ಎಂದರಂತೆ. ಅವರದು ಬುದ್ಧಿವಂತರ ಲೆಕ್ಕ. ಆ ತಾಯಿ ಯಮನ ಬೆನ್ನು ಬಿಡದೆ ನಡೆದಳು ಎಂಬ ಒಂದೇ ಮಾತನ್ನು ನಂಬಿ ಎಷ್ಟು ಹೆಂಗಸರು ರಾತ್ರಿ ಕಳೆದಿದ್ದಾರೆ ಎಂದು ನನ್ನಂಥವಳು ಯಾರಿಗೆ ಹೇಳಲಿ?

ಹೊಸ ಕೊನೆಯಲ್ಲಿ ಯಮ ಕೇಳುತ್ತಾನೆ: "ಇವನು ನಿನ್ನವನೋ, ನನ್ನವನೋ?" ಸಾವಿತ್ರಿ ಹಾಡಬೇಕು: "ನಿನ್ನವನೇ. ಕರೆದುಕೊಂಡು ಹೋಗು. ನಾನಿನ್ನು ಹಿಂದೆ ಬರುವುದಿಲ್ಲ."

ಸಾವಿತ್ರಿಯಾಗಿದ್ದ ಗಾಯಕಿಗೆ ಆ ಸಾಲು ಬಾಯಿಗೇ ಬರುತ್ತಿರಲಿಲ್ಲ. ಅವತ್ತಿನ ತಾಲೀಮಿನಲ್ಲಿ ಐದು ಸಲ ತಡೆದಳು. ಐದು ಸಲವೂ ಅಕ್ಕ ಎತ್ತಿಕೊಟ್ಟಳು.

ಸರಿ. ಅಕ್ಕ ಬಾವಿಯ ಹತ್ತಿರದಿಂದ ರಂಗಮಂದಿರಕ್ಕೆ ಹಿಂದಿರುಗಿದಳು. ಬಾಗಿಲಲ್ಲಿ ಕಾವಲುಗಾರ ತಾತ ಬೀಗದಕೈ ಗೊಂಚಲು ಹಿಡಿದು ಕೂತಿದ್ದ.

"ಒಳಗೆ ಯಾರಿದಾರೆ ತಾತ?" ಅಕ್ಕ ಮೆಲ್ಲಗೆ ಕೇಳಿದಳು.

"ಯಾರೂ ಇಲ್ಲ ತಾಯಿ."

"ಹಾಡು ಕೇಳಿಸ್ತಲ್ಲ..."

"ನಿನ್ನ ಕಿವೀಲಿ ಯಾವಾಗ ಹಾಡಿಲ್ಲ ಹೇಳು? ಬೇಗ ಬಂದ್ಬಿಡು, ನಂಗೂ ನಿದ್ದೆ ಬರ್ತಿದೆ."

ಒಳಗೆ ವೇದಿಕೆಯ ನಡುವೆ ಕಂಬದ ಮೇಲೆ ಒಂದೇ ಒಂದು ಬಲ್ಬು. ಖಾಲಿ ವೇದಿಕೆಯನ್ನು ಪೂರ್ತಿ ಕತ್ತಲಲ್ಲಿ ಬಿಡಬಾರದೆಂದು ರಾತ್ರಿಯಿಡೀ ಉರಿಸುತ್ತಿದ್ದರು. ಅಕ್ಕ ಪೆಟ್ಟಿಗೆಯೊಳಗೆ ಇಳಿದಳು. ಮರದ ಮೆಟ್ಟಿಲು ಕಿರ್ರ್... ಎಂದಿತು. ಶೀಶೆ ಇಟ್ಟಲ್ಲೇ ಇತ್ತು. ಕೈಗೆತ್ತಿಕೊಂಡಳು. ಅಬ್ಬಾ, ಎಂದು ಉಸಿರು ಬಿಟ್ಟಳು.

ಆಗ ಹಲಗೆಯ ಮೇಲೆ ಹೆಜ್ಜೆ. ತಪ್... ತಪ್... ಬರಿಗಾಲು. ಒದ್ದೆ ಕಾಲಿನ ಹಾಗೆ ಹಲಗೆಗೆ ಅಂಟಿ, ಬಿಟ್ಟು, ಅಂಟಿ, ಬಿಟ್ಟು. ಪೆಟ್ಟಿಗೆಯ ಕಿಂಡಿಯಿಂದ ಅವಳಿಗೆ ಕಂಡದ್ದು ಕಪ್ಪು ಬಟ್ಟೆಯ ಅಂಚು, ಅಷ್ಟೆ. ಅದು ಅವಳೆದುರು ಬಂದು ನಿಂತಿತು.

ಹಾಡಿತು. ವಾದ್ಯವಿಲ್ಲದೆ, ಅದೇ ರಾಗದಲ್ಲಿ, ಅದೇ ತಗ್ಗಿನ ದನಿಯಲ್ಲಿ:

"ಇವನು ನಿನ್ನವನೋ... ನನ್ನವನೋ?"

ಮೌನ.

ಒಂದು ಉಸಿರು...

ಅಕ್ಕ ಯೋಚಿಸಲಿಲ್ಲ. ಯೋಚಿಸುವ ಕೆಲಸವೇ ಅಲ್ಲ ಅದು. ವೇದಿಕೆಯ ಮೇಲೆ ಮಾತು ನಿಂತಿದೆ, ಸಾಲು ಬೇಕು. ನಾಲಿಗೆ ತಾನಾಗಿ ಹೊರಳಿತು:

"ನಿನ್ನವನೇ. ಕರೆದುಕೊಂಡು ಹೋಗು. ನಾನಿನ್ನು ಹಿಂದೆ ಬರುವುದಿಲ್ಲ."

ಬಟ್ಟೆಯ ಅಂಚು ಸ್ವಲ್ಪ ಬಾಗಿತು. ಕೊಟ್ಟದ್ದನ್ನು ತೆಗೆದುಕೊಂಡವರು ತಲೆಬಾಗುತ್ತಾರಲ್ಲ, ಹಾಗೆ. ಆಮೇಲೆ ತಿರುಗಿತು. ತಪ್... ತಪ್...

ಆಗ ಅವಳಿಗೆ ಹೊಳೆಯಿತು. ಸಾವಿತ್ರಿಯ ಜಾಗದಲ್ಲಿ ಯಾರೂ ಇರಲಿಲ್ಲ. ಉತ್ತರ ಕೊಟ್ಟವಳು ತಾನೊಬ್ಬಳೇ.

"ಅಲ್ಲ! ಅದು ನನ್ನ ಮಾತಲ್ಲ, ಪುಸ್ತಕದ್ದು!" ಎಂದು ಕಿರುಚಿದಳು. ಕಿರುಚಿದೆ ಅಂದುಕೊಂಡಳು, ಅಷ್ಟೆ. ಆ ಪೆಟ್ಟಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಹೊರಟದ್ದು ಪಿಸುಮಾತು ಒಂದೇ. ಆ ರಾತ್ರಿಯೂ ಗಂಟಲಿನಿಂದ ಅದೇ ಹೊರಟಿತು. ಹೆಜ್ಜೆ ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಹಿಂಬಾಗಿಲ ಚಿಲಕ ಟಕ್ಕೆಂದಿತು.

ಅಕ್ಕ ಓಡಿದಳು. ತಾತ "ಏನಾಯ್ತು ತಾಯಿ" ಎಂದದ್ದಕ್ಕೂ ನಿಲ್ಲಲಿಲ್ಲ. ಬಾವಿಯ ಹತ್ತಿರ ಮುಚ್ಚಳ ಸುಮ್ಮನಿತ್ತು. ಆ ಸುಮ್ಮನಿದ್ದದ್ದೇ ಹೆಚ್ಚು ಹೆದರಿಸಿತು ಎನ್ನುತ್ತಾಳೆ. ದಾರಿಯುದ್ದಕ್ಕೂ "ಅವರು ನನ್ನವರು, ನನ್ನವರು" ಎಂದು ಹೇಳುತ್ತಲೇ ಬಂದಳಂತೆ. ಕೇಳಬೇಕಾದವರು ಕೇಳಿ ಮುಗಿಸಿ ಹೋಗಿದ್ದರು.

ನಾನು ಬಾಗಿಲು ತೆಗೆದೆ. ಅವಳ ಮುಖ ನೋಡಿ ಬಾಯಿಗೆ ಬೆರಳಿಟ್ಟೆ. "ಶ್... ಈಗ ತಾನೆ ಮಲಗಿದ್ರು. ಕೆಮ್ಮೂ ನಿಂತಿದೆ" ಎಂದೆ.

ಅವಳು ಒಳಗೆ ಹೋಗಲಿಲ್ಲ. ಶೀಶೆ ನನ್ನ ಕೈಗಿಟ್ಟು ಹೊಸ್ತಿಲ ಮೇಲೆ ಕುಸಿದು ಕೂತಳು.

"ನಾನೇ ಕೊಟ್ಟುಬಿಟ್ಟೆ ಕಣೇ" ಎಂದಳು.

ನಾನು ಒಳಗೆ ಹೋಗಿ ಮುಟ್ಟಿ ನೋಡಿದೆ. ಭಾವ ಹೋಗಿಬಿಟ್ಟಿದ್ದರು.

ನಾನು ದೇವರನ್ನು ನಂಬಿದವಳು. ಅವನಿಗೆ ಬಾಯಿ ತಪ್ಪಿ ಬಂದ ಮಾತು ಯಾವುದು, ಮನಸ್ಸಿನ ಮಾತು ಯಾವುದು ಎಂದು ಗೊತ್ತಿರುತ್ತದೆ ಎಂದು ಅಕ್ಕನಿಗೆ ಎಷ್ಟೋ ಸಲ ಹೇಳಿದೆ. "ಅವನಿಗೆ ಗೊತ್ತಿರಬಹುದು. ಬಂದವನಿಗೆ ಗೊತ್ತಿರಲಿಲ್ಲ" ಎಂದಳು ಒಮ್ಮೆ. ನಾನು ಪ್ರಾರ್ಥನೆ ಮಾತ್ರ ಬಿಟ್ಟಿಲ್ಲ. ಅವಳು ಮತ್ತೆ ಪೆಟ್ಟಿಗೆಗೆ ಇಳಿಯಲಿಲ್ಲ. ಮಾತಾಡುತ್ತ ಯಾರಾದರೂ ಒಂದು ಕ್ಷಣ ತಡೆದರೆ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ.

ಇನ್ನೊಂದು ಮಾತು ಉಳಿದಿದೆ. ವೈದ್ಯರು ಬಂದಾಗ, ಅವರು ನೋಡಲೆಂದು ನಾನು ಹೊದಿಕೆ ಸರಿಸಿದೆ. ಭಾವ ಬೂಟು ಹಾಕಿಕೊಂಡಿದ್ದರು. ಎಂಟು ತಿಂಗಳಿಂದ ತಮ್ಮಷ್ಟಕ್ಕೆ ಎದ್ದು ಕೂರಲಾಗದ ಮನುಷ್ಯ. ಅಕ್ಕ ಬರುವವರೆಗೂ ನಾನು ಕುರ್ಚಿಯನ್ನು ಅವರ ಕೋಣೆಯ ಬಾಗಿಲಿಗೆ ಒತ್ತಿಕೊಂಡೇ ಕೂತಿದ್ದೆ, ಕಣ್ಣು ಮುಚ್ಚಿರಲಿಲ್ಲ, ಒಳಗೆ ಯಾರೂ ಬಂದಿರಲಿಲ್ಲ. ಎರಡೂ ಬೂಟಿನ ದಾರ ಬಿಗಿದು ಕಟ್ಟಿತ್ತು. ನಮ್ಮಲ್ಲಿ ಯಾರೂ ಹಾಕದ ಗಂಟು. ಬಿಚ್ಚಲು ಬರಲೇ ಇಲ್ಲ, ಕತ್ತರಿಸಬೇಕಾಯಿತು.

ನಂಬದಿದ್ದರೆ ಬಿಡಿ. ಕತ್ತರಿ ಹಿಡಿದವಳು ನಾನೇ.